ನಾನು ಹಿಡಿದ ಒಂದೇ ಒಂದು ಹಾವು

ದಿಯಾ,

ಬ್ರಿಸ್ಬೇನಿನ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ಎಲ್ಲರೂ ಕೇಕ್ ತಿಂದ ದಿನ ನೀನು ನನ್ನ ಪಕ್ಕ ಬಂದು ಕೂತೆ. ಅಲ್ಲಿ ಜನ ಮನೆಯಲ್ಲೇ ಹಾವು ಸಾಕುತ್ತಾರಂತೆ, ಕಾಯಿಲೆಯಾದರೆ ಕ್ಲಿನಿಕ್ಕಿಗೂ ತರುತ್ತಾರಂತೆ, ಅಜ್ಜಿ, ನೀನು ಯಾವತ್ತಾದರೂ ಹಾವು ಮುಟ್ಟಿದ್ದೀಯಾ ಎಂದು ನಿನ್ನ ಇಂಗ್ಲಿಷಿನಲ್ಲಿ ಕೇಳಿದೆ. ನಿನ್ನ ಅಮ್ಮ ನಕ್ಕಳು. "ಈ ದೇಶದಲ್ಲಿ ಹಾವೆಲ್ಲಿ ಬರ್ಬೇಕು? ನಿಮ್ಮಜ್ಜಿದು ಬರೀ ಹಲ್ಲಿ ಡಿಪಾರ್ಟ್‌ಮೆಂಟು" ಅಂದಳು. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮುಟ್ಟಿದ್ದೇನೆ. ಒಂದೇ ಒಂದು ಹಾವು. ಅದು ಸತ್ತಿತು, ಅದರಿಂದ ಒಬ್ಬ ಹುಡುಗ ಈ ದೇಶ ಬಿಟ್ಟು ಹೋಗಬೇಕಾಯಿತು. ಎರಡರಲ್ಲೂ ನನ್ನ ಪಾಲಿದೆ. ನಿನ್ನ ಅಮ್ಮನಿಗೂ ಇದನ್ನು ಹೇಳಿಲ್ಲ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅವಳೇ ಓದಿ ಹೇಳಲಿ. ನಿನ್ನ ತಮ್ಮ ರೋಹನನೂ ಕೂತು ಕೇಳಲಿ. ಎದುರು ಕೂತು ಇಷ್ಟನ್ನು ಹೇಳುವ ಬಾಯಿ ನನಗೆ ಯಾವತ್ತೂ ಇರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಈ ದೇಶಕ್ಕೆ, ಈ ಹ್ಯಾಮಿಲ್ಟನ್ನಿಗೆ ಬಂದ ಎರಡನೇ ವರ್ಷ ನಿನ್ನ ತಾತ ತೀರಿಕೊಂಡರು. ನಿನ್ನ ಅಮ್ಮ ಆಗ ಹೈಸ್ಕೂಲು. ನಾನು ಮಳವಳ್ಳಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದವಳು. ಗೊತ್ತಿದ್ದ ಇಂಗ್ಲಿಷು ಯೆಸ್, ನೋ, ಸಾರಿ. ಪಕ್ಕದ ಬೀದಿಯ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ನೆಲ ಒರೆಸುವ ಕೆಲಸ ಕೊಟ್ಟರು. ಮಾತಾಡುವ ಅಗತ್ಯವಿಲ್ಲದ ಕೆಲಸ ಎಂದು ಒಪ್ಪಿಕೊಂಡೆ.

ಆ ಕ್ಲಿನಿಕ್ಕಿನ ಹಿಂಬದಿಯಲ್ಲಿ ಒಂದು ಸಣ್ಣ ಕೋಣೆ ಇತ್ತು. ಓತಿಕ್ಯಾತಗಳು, ಹಾವುರಾಣಿಗಳು, ಆಮೆಗಳು ಇರುವ ಕೋಣೆ. ಸದಾ ಬಿಸಿ, ಒಂಥರಾ ವಾಸನೆ. ಅಲ್ಲಿನ ಹುಡುಗಿಯರು ಯಾರೂ ಒಳಗೆ ಹೋಗಲು ಇಷ್ಟಪಡುತ್ತಿರಲಿಲ್ಲ. ನನಗೆ ಮಾತ್ರ ಆ ಕೋಣೆಗೆ ಕಾಲಿಟ್ಟ ದಿನವೇ ಊರು ನೆನಪಾಯಿತು. ನಮ್ಮಪ್ಪನ ರೇಷ್ಮೆ ಹುಳು ಮನೆ ಹಾಗೇ ಇತ್ತು. ಕೆಂಡದ ಬಾಂಡ್ಲಿ ಇಟ್ಟು ಕಾಯಿಸಿದ ಕೋಣೆ, ತಟ್ಟೆ ತಟ್ಟೆಗಳಲ್ಲಿ ಹುಳು. ಒದ್ದೆ ಸೊಪ್ಪು ಹಾಕಬಾರದು, ಚಳಿಗಾಳಿ ಬಿಡಬಾರದು, ಜೋರಾಗಿ ಮಾತಾಡಬಾರದು. ಹುಳು ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು ತಲೆ ಎತ್ತಿ ಕಲ್ಲಿನ ಹಾಗೆ ನಿಲ್ಲುತ್ತದೆ. ಅದನ್ನು ನಾವು 'ಜ್ವರಕ್ಕೆ ಕೂತಿದೆ' ಎನ್ನುತ್ತಿದ್ದೆವು. ಆಗ ಯಾರೂ ಮುಟ್ಟುವಂತಿಲ್ಲ.

ಡಾಕ್ಟರ್ ಹೆಲೆನ್ ಒಂದು ದಿನ ಬಾಗಿಲಲ್ಲಿ ನಿಂತು ನಾನು ಆ ಕೋಣೆ ಒರೆಸುವುದನ್ನು ನೋಡಿದರು. ಉದ್ದನೆಯ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಯಾರೊಂದಿಗೂ ನಕ್ಕು ಮಾತಾಡಿದವರಲ್ಲ. "ಸರೋ, ನೀನು ನಡೆದಾಡಿದರೆ ಇವು ಕಣ್ಣು ಮುಚ್ಚಿಕೊಂಡೇ ಇರುತ್ತವೆ" ಎಂದರು. ಮಾರನೇ ವಾರದಿಂದ ಆ ಕೋಣೆ ನನ್ನದಾಯಿತು.

ಈಗ ಕೆಲಸದ ಮಾತು.

ಆ ಕಾಲಕ್ಕೆ ಅಂಗಡಿಗಳಲ್ಲಿ ಬಿಸಿಕಲ್ಲು ಎಂದು ಮಾರುತ್ತಿದ್ದರು. ಒಳಗೆ ತಂತಿ ಇರುವ ಸಿಮೆಂಟಿನ ಕಲ್ಲು, ಪ್ಲಗ್ ಹಾಕಿದರೆ ಕಾಯುತ್ತದೆ. ಓತಿಕ್ಯಾತ ಅದರ ಮೇಲೆ ಮಲಗಿ ಮೈ ಕಾಯಿಸಿಕೊಳ್ಳಲಿ ಎಂದು. ನಾನು ಸೇರಿದ ಚಳಿಗಾಲದಲ್ಲಿ ಒಬ್ಬ ತಾಯಿ ಮತ್ತು ಮಗಳು ಒಂದು ಗಡ್ಡದ ಓತಿಕ್ಯಾತವನ್ನು ಟವೆಲ್ಲಿನಲ್ಲಿ ಸುತ್ತಿ ತಂದರು. ಹೊಟ್ಟೆ ತಿರುಗಿಸಿ ನೋಡಿದರೆ ಚರ್ಮವೆಲ್ಲ ಕಪ್ಪಾಗಿ ಸೀದಿತ್ತು. "ಅದು ಯಾಕೆ ಇಳಿದು ಹೋಗಲಿಲ್ಲ?" ಎಂದು ಆ ಹುಡುಗಿ ಕೇಳಿತು. ಹೆಲೆನ್ ಹೇಳಿದರು: ಇವು ಬೆನ್ನಿನಿಂದ ಬಿಸಿಲು ತಿಳಿಯುವ ಜೀವ. ಶಾಖ ಮೇಲಿನಿಂದ ಬರುತ್ತದೆ ಎಂದೇ ಇವುಗಳ ಮೈಗೆ ಗೊತ್ತು. ಹೊಟ್ಟೆ ಸುಡುತ್ತಿದ್ದರೂ, ಸುತ್ತ ಚಳಿ ಇದ್ದರೆ, ಇನ್ನೂ ಬಿಗಿಯಾಗಿ ಕಲ್ಲಿಗೆ ಅಂಟಿಕೊಳ್ಳುತ್ತವೆ. ಐದು ದಿನ ಗಾಯ ತೊಳೆದೆ. ಆರನೇ ದಿನ ತೊಳೆಯಲು ಅದು ಉಳಿದಿರಲಿಲ್ಲ.

ಆಮೇಲೆ ನಮ್ಮ ಕ್ಲಿನಿಕ್ಕಿನಲ್ಲಿ ಬಿಸಿಕಲ್ಲು ಕಂಡರೆ ಹೆಲೆನ್ ಪ್ಲಗ್ಗಿನ ತಂತಿಯನ್ನೇ ಕತ್ತರಿಸಿ ಹಾಕುತ್ತಿದ್ದರು. ಮೇಲಿಂದ ದೀಪ, ಇಲ್ಲವೇ ಪೆಟ್ಟಿಗೆಯ ಅಡಿಯಲ್ಲಿ ಒಂದು ಮೂಲೆಗೆ ಮಾತ್ರ ಬಿಸಿ ಚಾಪೆ. ಆ ಚಾಪೆಗೆ ಥರ್ಮೋಸ್ಟಾಟ್. ಅದರಿಂದ ಹೊರಟ ಒಂದು ತಂತಿಯ ತುದಿ ಪೆಟ್ಟಿಗೆಯ ಒಳಗಿದ್ದು ಶಾಖ ಅಳೆಯುತ್ತದೆ. ಕಾದರೆ ತಾನೇ ನಿಲ್ಲುತ್ತದೆ, ಆರಿದರೆ ತಾನೇ ಮತ್ತೆ ಕಾಯತೊಡಗುತ್ತದೆ. ಕರೆಂಟು ಇದೆ ಎಂದು ಹೇಳಲು ಒಂದು ಸಣ್ಣ ಕೆಂಪು ದೀಪ. ಈ ತಂತಿ, ಈ ದೀಪ, ಎರಡನ್ನೂ ನೆನಪಿಡು. ನನ್ನ ಎರಡು ತಪ್ಪುಗಳೂ ಇವೇ.

ಮೊದಲನೆಯದು ತಂತಿ. ಒಬ್ಬ ಮುದುಕರ ನೀರು-ಓತಿಕ್ಯಾತ ನಮ್ಮಲ್ಲಿತ್ತು, ಅದರ ಬೆರಳಿನ ಗಾಯದ ಚಿಕಿತ್ಸೆಗೆ. ಅವರ ಹೆಂಡತಿ ಸಾಕಿದ್ದು, ಆಕೆ ತೀರಿಕೊಂಡಿದ್ದರು. ಸಂಜೆ ಪೆಟ್ಟಿಗೆ ತೊಳೆದೆ, ಕಾಗದ ಹಾಸಿದೆ, ಪ್ರಾಣಿಯನ್ನು ಒಳಗಿಟ್ಟೆ. ತಂತಿಯ ತುದಿಯನ್ನು ತೆಗೆದು ಮೇಜಿನ ಮೇಲೆ ಇಟ್ಟವಳು ಒಳಗೆ ಹಾಕುವುದನ್ನು ಮರೆತೆ. ತಣ್ಣನೆಯ ಮೇಜಿನ ಮೇಲೆ ಬಿದ್ದಿದ್ದ ಆ ತುದಿ ರಾತ್ರಿಯಿಡೀ ಚಳಿ, ಚಳಿ ಎಂದೇ ಹೇಳುತ್ತಿತ್ತು. ಚಾಪೆ ಕಾಯುತ್ತಲೇ ಹೋಯಿತು. ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಆ ಜೀವ ಗಾಜಿಗೆ ಎರಡೂ ಕೈ ಒತ್ತಿಕೊಂಡು ನಿಂತ ಹಾಗೇ ಸತ್ತಿತ್ತು.

ಹೆಲೆನ್ ಬೈಯಲಿಲ್ಲ. ತಂತಿ ನೋಡಿದರು, ನನ್ನ ಮುಖ ನೋಡಿದರು. "ಅವರು ಹತ್ತು ಗಂಟೆಗೆ ಬರುತ್ತಾರೆ. ನೀನೇ ಹೇಳು" ಎಂದರು. ಹತ್ತು ಗಂಟೆಗೆ ಮುದುಕರು ಟೋಪಿ ಕೈಯಲ್ಲಿ ಹಿಡಿದು ನಿಂತರು. ನನ್ನ ಬಾಯಿ ತೆರೆಯಲಿಲ್ಲ. ಸಾರಿ ಎಂಬ ಮಾತೂ ಬರಲಿಲ್ಲ. ಕೊನೆಗೆ ಹೆಲೆನ್ ಹೇಳಿದರು, ತಪ್ಪು ತಮ್ಮದೆಂದೇ ಹೇಳಿದರು. ಅವರು ಹೋದ ಮೇಲೆ ಕೈ ತೊಳೆಯುತ್ತಾ, ನನ್ನ ಕಡೆ ತಿರುಗದೆ, "ನಿನ್ನ ಕೈ ಒಳ್ಳೆಯದು ಸರೋ. ಆದರೆ ಮಾತಾಡದ ಬಾಯಿಯಿಂದಲೂ ಪ್ರಾಣಿ ಸಾಯುತ್ತದೆ" ಎಂದರು. ಆ ಮಾತು ನನಗೆ ಪೂರ್ತಿ ಅರ್ಥವಾಗಲು ಇನ್ನೂ ಕೆಲವು ವರ್ಷ ಬೇಕಾಯಿತು.

ಆ ಕೆಲವು ವರ್ಷಗಳಾದ ಮೇಲೆ, ಯುಗಾದಿಯ ಊಟದ ದಿನ, ಬಾಡಿಗೆ ಹಾಲಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದರು. ಅಂಥ ಕಡೆ ನಾನು ಪಾತ್ರೆ ತೊಳೆಯುವ ಮೂಲೆಯಲ್ಲಿ ಇರುತ್ತಿದ್ದೆ. ಅರಿಶಿನ ಕುಂಕುಮ ಹಂಚುವ ಹೊತ್ತಿಗಂತೂ ತಪ್ಪದೆ ಅಲ್ಲಿಯೇ. ಯಾರೂ ಹೋಗು ಎನ್ನುತ್ತಿರಲಿಲ್ಲ, ಬಾ ಎಂದೂ ಅನ್ನುತ್ತಿರಲಿಲ್ಲ. ಅಲ್ಲಿಗೆ ಒಬ್ಬ ಹುಡುಗ ಬಂದ. ನವೀನ್ ಅಂತ, ಮದ್ದೂರಿನ ಕಡೆಯವನು. ಡನೀಡಿನ್ನಿನಲ್ಲಿ ಓದಿ, ಹ್ಯಾಮಿಲ್ಟನ್ನಿನಲ್ಲಿ ಕೆಲಸ ಹಿಡಿದು, ಅಲ್ಲೇ ರೊಟೊಟೂನ ಬಡಾವಣೆಯಲ್ಲಿ ಬಾಡಿಗೆಗೆ ಇದ್ದ. ಇಲ್ಲೇ ಕಾಯಂ ನೆಲೆಸಲು ರೆಸಿಡೆನ್ಸಿಗೆ ಅರ್ಜಿ ಹಾಕಿ ಕಾಯುತ್ತಿದ್ದ.

"ಆಂಟಿ, ನೀವು ವೆಟ್ ಹತ್ರ ಕೆಲ್ಸ ಮಾಡೋದಲ್ವಾ? ನನ್ನತ್ರ ಒಂದು ಹಾವುರಾಣಿ ಇದೆ. ಬ್ಲೂ ಟಂಗ್. ಮೂರು ವಾರದಿಂದ ಏನೂ ತಿಂತಿಲ್ಲ."

"ಕ್ಲಿನಿಕ್‌ಗೆ ತಗೊಂಡ್ ಬನ್ನಿ."

"ಇಲ್ಲ ಆಂಟಿ, ಅದು ಕಾರಲ್ಲಿ ತುಂಬಾ ಹೆದ್ರುತ್ತೆ. ನೀವೇ ಒಂದ್ಸಲ ನೋಡ್ಬಿಡಿ. ಪ್ಲೀಸ್. ನಾನೇ ಡ್ರಾಪ್ ಮಾಡ್ತೀನಿ."

ಹೋದೆ. ಗ್ಯಾರೇಜಿನಲ್ಲಿ, ಹಳೆಯ ಸೂಟ್‌ಕೇಸುಗಳ ಹಿಂದೆ, ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಮುಚ್ಚಳದ ಮೇಲೆ ಒಂದು ಇಟ್ಟಿಗೆ. ಅವನು ಇಟ್ಟಿಗೆ ತೆಗೆದ. ಒಳಗೆ ಕಿತ್ತಳೆ ಬಣ್ಣದ ಹಾವು ಸುತ್ತಿಕೊಂಡು ಮಲಗಿತ್ತು. ಕಣ್ಣು ಹಾಲಿನ ಹಾಗೆ ಮಂಜಾಗಿತ್ತು. ನಾನು ಮೊದಲು ಮಾಡಿದ್ದು ಏನು ಗೊತ್ತೇ? ಕೈ ಮುಗಿದದ್ದು. ಆಮೇಲೆ ಹೋಗಿ ಗ್ಯಾರೇಜಿನ ಬಾಗಿಲು ಎಳೆದುಕೊಂಡೆ.

ಈ ದೇಶದಲ್ಲಿ ಹಾವು ಸಾಕುವಂತಿಲ್ಲ. ಮನೆಯಲ್ಲಿ ಮಾತ್ರವಲ್ಲ, ಮೃಗಾಲಯದಲ್ಲೂ ಇಡುವಂತಿಲ್ಲ. ಇಲ್ಲಿನ ಹಕ್ಕಿಗಳಲ್ಲಿ ಎಷ್ಟೋ ನೆಲದ ಮೇಲೆ ಗೂಡು ಕಟ್ಟುತ್ತವೆ, ಕಿವಿ ಹಕ್ಕಿಯ ಹಾಗೆ ಹಾರಲೂ ಬಾರದವು ಇವೆ. ಒಂದು ಜೋಡಿ ಹಾವು ತಪ್ಪಿಸಿಕೊಂಡು ಹೊರಗೆ ಬೇರೂರಿದರೆ ಅವುಗಳ ಗತಿ ಮುಗಿಯಿತು. ಅದಕ್ಕೇ ಕಂಡವರು ತಿಳಿಸಲೇಬೇಕು. ಕ್ಲಿನಿಕ್ಕಿನ ಗೋಡೆಯ ಮೇಲೆ ಹಾಗೆಂದು ಬರೆದು ಅಂಟಿಸಿದ್ದ ಕಾಗದವನ್ನು ದಿನಾ ಒರೆಸುತ್ತಿದ್ದವಳು ನಾನು.

ನವೀನ್ ಎಲ್ಲಾ ಹೇಳಿದ. ಡನೀಡಿನ್ನಿನಲ್ಲಿ ಅವನ ಫ್ಲಾಟ್‌ಮೇಟ್ ಯಾರಿಂದಲೋ ಗುಟ್ಟಾಗಿ ತಂದು ಸಾಕಿದ್ದು. ಅವನು ಒಂದು ದಿನ ದೇಶ ಬಿಟ್ಟು ಹೋದ, ಪೆಟ್ಟಿಗೆ ಬಿಟ್ಟು. "ಅವತ್ತೇ ಫೋನ್ ಮಾಡ್ಬೇಕಿತ್ತು ಆಂಟಿ. ಹೆದ್ರಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಎರಡು ವರ್ಷ ಆಯ್ತು. ಈಗ ಹೇಳಿದ್ರೆ ಇದನ್ನ ಸಾಯಿಸ್ತಾರೆ. ನನ್ನ ಓಡಿಸ್ತಾರೆ."

ನಾನು ಹಾವನ್ನೇ ನೋಡುತ್ತಿದ್ದೆ. "ಇದಕ್ಕೇನೂ ಆಗಿಲ್ಲ. ಜ್ವರಕ್ಕೆ ಕೂತಿದೆ ಅಷ್ಟೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ. "ಪೊರೆ ಬಿಡ್ತದೆ. ಮುಟ್ಟಬೇಡಿ, ತಿನ್ನಿಸಬೇಡಿ. ಪೊರೆ ಬಿಟ್ಟ ಮೇಲೆ ತಿನ್ನುತ್ತೆ."

ಹತ್ತು ದಿನದ ಮೇಲೆ ಫೋನು ಬಂತು. ತಲೆಯಿಂದ ಬಾಲದವರೆಗೆ ಹರಿಯದೆ ಪೊರೆ ಬಿಟ್ಟಿತ್ತು, ತಿಂದಿತ್ತು. ಹೆಲೆನ್‌ಗೆ ಹೇಳಬೇಕಾದವಳು ನಾನು ಹೇಳಲಿಲ್ಲ. ಬದಲಿಗೆ ಪ್ರತಿ ಶನಿವಾರ ರೊಟೊಟೂನಕ್ಕೆ ಹೋಗತೊಡಗಿದೆ. ನಿಜ ಹೇಳುತ್ತೇನೆ, ನನಗೆ ಸಂತೋಷವಾಗುತ್ತಿತ್ತು. ಯಾರಾದರೂ ನನ್ನ ಮಾತು ಕೇಳಿ ಬರೆದುಕೊಂಡದ್ದು ಅದೇ ಮೊದಲು.

ಅವನಿಗೆ ಹೇಳಿಕೊಟ್ಟದ್ದನ್ನು ನಿನಗೂ ಹೇಳುತ್ತೇನೆ. ಅಲ್ಲಿ ಅದು ಕಾನೂನಿಗೆ ಒಪ್ಪಿದ ಕೆಲಸ, ನಿನಗೆ ಬೇಕಾಗುತ್ತದೆ. ಮುಚ್ಚಳದ ಮೇಲೆ ಭಾರ ಇಡುವುದು ಭದ್ರವಲ್ಲ. ಹಾವಿನ ಮೈಯೆಲ್ಲ ಒಂದೇ ತೋಳು, ತಲೆ ತೂರಿದರೆ ಮುಚ್ಚಳವನ್ನೇ ಎತ್ತುತ್ತದೆ. ನಾಲ್ಕೂ ಕಡೆ ಕೊಂಡಿ ಬೇಕು. ಬಿಸಿ ಒಂದು ತುದಿಗೆ, ತಂಪು ಇನ್ನೊಂದು ತುದಿಗೆ, ಎರಡೂ ಕಡೆ ಅಡಗಲು ಒಂದೊಂದು ಗೂಡು. ಒಂದೇ ಗೂಡು ಇಟ್ಟರೆ ಅದು ಚಳಿ ತಡೆದುಕೊಂಡಾದರೂ ಅಡಗಿಯೇ ಕೂರುತ್ತದೆ, ಮೈ ಕೆಡಿಸಿಕೊಳ್ಳುತ್ತದೆ. ತಂತಿಯ ತುದಿಯನ್ನು ಒಳಗೆ ಟೇಪು ಹಾಕಿ ಅಂಟಿಸು. ಜೀವಂತ ಇಲಿ ಕೊಡಬೇಡ, ಮೂಲೆಗೆ ಸಿಕ್ಕಿದ ಇಲಿ ಹಾವನ್ನೇ ಕಚ್ಚಿ ತಿಂದದ್ದುಂಟು. ಇಲಿ ಮುಟ್ಟಿದ ಕೈ ತೊಳೆಯದೆ ಹಾವು ಮುಟ್ಟಬೇಡ, ಅದಕ್ಕೆ ವಾಸನೆಯೇ ಕಣ್ಣು. ತಿಂದ ಮೇಲೆ ಎರಡು ದಿನ ಎತ್ತಬೇಡ. ಎಲ್ಲಕ್ಕಿಂತ ಮೇಲೆ, ಒದ್ದೆಯೂ ಚಳಿಯೂ ಒಟ್ಟಿಗೆ ಆಗಬಾರದು. ಒಂದನ್ನು ತಡೆದುಕೊಳ್ಳುತ್ತದೆ. ಎರಡೂ ಸೇರಿದರೆ ಉಸಿರಿಗೆ ಕುತ್ತು.

ಚಳಿಗಾಲಕ್ಕೆ ನವೀನನ ತಾಯಿ ಜಯಮ್ಮ ಊರಿಂದ ಬಂದರು. ಹಾವನ್ನು ಬಚ್ಚಿಡಲು ಆಗಲಿಲ್ಲ. ಹೆದರುತ್ತಾರೆಂದು ನಾವು ಹೆದರಿದ್ದೆವು. ಆಕೆ ಗ್ಯಾರೇಜಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯ ಮುಂದೆ ಕೂತು, ಕೆನ್ನೆ ಕೆನ್ನೆ ಬಡಿದುಕೊಂಡರು.

"ಇದು ಬಂದ್ಮೇಲೆ ಅಲ್ವೇನೋ ನಿಂಗೆ ಕೆಲ್ಸ ಸಿಕ್ಕಿದ್ದು? ಮೂಲೇಲಿ ಸೂಟ್ಕೇಸ್ ಹಿಂದೆ ಮಡಗಿದ್ದೀಯಲ್ಲೋ, ದರಿದ್ರದವ್ನೇ."

"ಅಮ್ಮಾ, ಅದು ದೇವ್ರಲ್ಲ. ಅಮೆರಿಕದ ಹಾವು."

"ದೇವ್ರಿಗೆ ಪಾಸ್ಪೋರ್ಟ್ ಕೇಳ್ತಾವ್ನೆ ನೋಡಮ್ಮ ಇವ್ನು" ಎಂದು ನನ್ನ ಕಡೆ ತಿರುಗಿದರು. ಫ್ರೀಜರಿನಲ್ಲಿ ಇಲಿ ಕಂಡ ದಿನವಂತೂ, "ಅದಕ್ಕೆ ವಾರಕ್ಕೊಂದು ಬಾಡೂಟ, ನಂಗೆ ದಿನಾ ಬ್ರೆಡ್ಡು" ಎಂದು ಮಗನ ಕಿವಿ ಹಿಂಡಿದರು. ನಾನು ನಕ್ಕೆ. ಹಾಗೆ ನಗದೆ ವರ್ಷಗಳಾಗಿದ್ದವು.

ಜಯಮ್ಮನ ಗಂಡ ಇದ್ದರು, ಊರಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಆಕೆಯ ಹಣೆ ತುಂಬ ಕುಂಕುಮ. ಮೊದಲನೆಯ ಶನಿವಾರ ನಾನು ಹೊರಡುವಾಗ ಬೆಳ್ಳಿಯ ಭರಣಿ ತಂದರು. ನಾನು ಹಿಂದೆ ಸರಿದೆ. "ಯಾಕೆ ಹಂಗೆ ಸರೀತೀಯಾ?" ಅಂದರು. ನಾನು ಬರಿಗೊರಳು ಮುಟ್ಟಿಕೊಂಡೆ, ಆಕೆಗೆ ತಿಳಿಯಿತು. ಭರಣಿಯ ಮುಚ್ಚಳ ತೆಗೆದು, ನನ್ನ ಗಲ್ಲ ಹಿಡಿದು, ಹಣೆಗೆ ಇಟ್ಟೇ ಬಿಟ್ಟರು. "ನೀನೂ ಹೆಂಗಸೇ ಕಣಮ್ಮ. ಹುಟ್ಟಿದಾಗಿಂದ ಇಟ್ಕಂಡಿದ್ದನ್ನ ಅವರ್ಯಾರು ಅಳಿಸೋಕೆ?" ಕಾರಿನಲ್ಲಿ ಮನೆಗೆ ಬರುವವರೆಗೂ ನಾನು ಹಣೆ ಮುಟ್ಟಿಕೊಳ್ಳಲಿಲ್ಲ. ಆಮೇಲೆ ಪ್ರತಿ ಶನಿವಾರ ಆಕೆ ಇಡುತ್ತಿದ್ದರು, ನಾನು ಬಸ್‌ಸ್ಟಾಪಿನಲ್ಲೋ ಬಚ್ಚಲಲ್ಲೋ ಅಳಿಸಿ ಮನೆಗೆ ಬರುತ್ತಿದ್ದೆ. ನಿನ್ನ ಅಮ್ಮನಿಗೂ ಗೊತ್ತಿಲ್ಲ.

ನಾಗರ ಪಂಚಮಿ ಬಂತು. ಊರಲ್ಲಿ ಮಳೆಗಾಲ, ಇಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುವ ಕಾಲ. ಜಯಮ್ಮ ಫೋನು ಮಾಡಿದರು. "ಬಾರಮ್ಮ, ತನಿ ಎರೆಯೋಣ. ಇಬ್ಬರು ಹೆಂಗಸರಾದ್ರೂ ಇರ್ಬೇಕು." ಹೋದೆ. ನವೀನ್ ಕೆಲಸಕ್ಕೆ ಹೋಗಿದ್ದ. ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಪುಟ್ಟ ರಂಗೋಲಿ. ತಂಬಿಟ್ಟು, ಚಿಗಳಿ, ಬೀದಿ ಮೂಲೆಯ ಅಂಗಡಿಯಿಂದ ತಂದ ಹೂವು, ಒಂದು ದೊಡ್ಡ ಚೊಂಬಿನಲ್ಲಿ ಹಾಲು. ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದು, ಚೊಂಬಿನ ಹೊರಮೈ ಬೆವರಿತ್ತು.

"ಅಮ್ಮ, ಅದು ತಣ್ಣಗಿದೆ" ಅಂದೆ.

"ಹಾಲು ತಣ್ಣಗೇ ಎರೆಯೋದು. ಕಾಯಿಸಿ ಎರೀತಾರಾ ಯಾರಾದ್ರೂ? ನಿಮ್ಮೂರಲ್ಲಿ ಕಾಯಿಸ್ತಿದ್ರಾ?"

"ಇಲ್ಲ."

"ಮತ್ತೆ?"

ಹೇಳಲು ನನ್ನಲ್ಲಿ ಎಲ್ಲವೂ ಇತ್ತು. ಹುತ್ತಕ್ಕೆ ಎರೆದ ಹಾಲು ಮಣ್ಣಿಗೆ ಹೋಗುತ್ತದೆ, ಹಾವಿಗೆ ತಗಲುವುದಿಲ್ಲ. ಇಲ್ಲಿ ಓಡಿಹೋಗಲು ಜಾಗವಿಲ್ಲ. ಒಂದು ಹೂವು ಪೆಟ್ಟಿಗೆಯ ಮುಚ್ಚಳದ ಮೇಲಿಡೋಣ, ಸಾಕು. ಇಷ್ಟು ಹೇಳಿದ್ದರೆ ಆಕೆ ಕೇಳುತ್ತಿದ್ದರು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ಆಕೆ ಅಷ್ಟರಲ್ಲಿ ಭರಣಿ ತೆಗೆದು ಮೊದಲು ನನ್ನ ಹಣೆಗೆ ಕುಂಕುಮ ಇಟ್ಟರು, ತಲೆಗೆ ಹೂವು ಮುಡಿಸಿದರು. ಹೂವು ಮುಡಿದು ಎಷ್ಟು ವರ್ಷವಾಗಿತ್ತೋ. ನನ್ನ ಬಾಯಿ ಕಟ್ಟಿತು. ಜಯಮ್ಮ ಕೊಂಡಿ ತೆಗೆದು ಚೊಂಬು ಬಗ್ಗಿಸಿದರು. ಹಾವು ಮುದುಡಿ, ತಲೆಯನ್ನು ಸುತ್ತಿನ ಒಳಗೆ ಹುದುಗಿಸಿತು. "ನೀನೂ ಎರಿ" ಅಂದರು. ನಾನೂ ಎರೆದೆ.

ಆಮೇಲೆ ನಾನು ಹಾವನ್ನು ಒರೆಸಿದೆ, ಒದ್ದೆ ಕಾಗದ ತೆಗೆದು ಬೇರೆ ಹಾಸಿದೆ, ನಾಲ್ಕೂ ಕೊಂಡಿ ಹಾಕಿದೆ. ಹಾಲು ಪೆಟ್ಟಿಗೆಯಿಂದ ಚೆಲ್ಲಿ ಅಡಿಯ ಚಾಪೆಗೆ, ಪ್ಲಗ್ಗಿನ ಹಲಗೆಗೆ ಇಳಿದು ಕರೆಂಟು ಕಡಿದದ್ದನ್ನು ನಾನು ನೋಡಲಿಲ್ಲ. ಕೆಂಪು ದೀಪ ಆರಿತ್ತು. ಅದು ನನ್ನ ಕಣ್ಣೆದುರಿಗೇ ಇದ್ದಿರಬೇಕು. ತಲೆಯ ಹೂವು ಮುಟ್ಟಿಕೊಳ್ಳುತ್ತಾ, ಅಳು ತಡೆದುಕೊಳ್ಳುತ್ತಾ ನಾನು ಬೇಗ ಬೇಗ ಹೊರಟುಬಿಟ್ಟೆ. ನವೀನ್ ನೋಡಿದ್ದು ಮಾರನೆಯ ಸಂಜೆ. ಅಷ್ಟು ಹೊತ್ತು ಅದು ಒರೆಸಿದರೂ ಪೂರ್ತಿ ಆರದ ಮೈಯಲ್ಲಿ, ಹಿಮ ಕೂರುವ ಚಳಿಯಲ್ಲಿ ಇತ್ತು.

ಹತ್ತು ದಿನಕ್ಕೆ ಉಸಿರಿನ ಕಾಯಿಲೆ ಕಾಣಿಸಿತು. ಹಾವು ತಲೆ ಎತ್ತಿ ಮೂಲೆಗೆ ಒರಗಿ, ಬಾಯಿ ಅರೆ ತೆರೆದು ಉಸಿರೆಳೆಯುತ್ತಿತ್ತು. ಬಾಯಿಯ ಅಂಚಿನಲ್ಲಿ ಗುಳ್ಳೆ. ಪ್ರತಿ ಉಸಿರಿಗೂ ಹಸಿ ಸೌದೆ ಉರಿಯುವಂಥ ಸಣ್ಣ ಸಿಳ್ಳು.

"ಔಷಧಿ ತಂದ್ಕೊಡಿ ಆಂಟಿ. ಕ್ಲಿನಿಕ್‌ನಲ್ಲಿ ಇರುತ್ತಲ್ಲಾ. ಯಾರಿಗೂ ಗೊತ್ತಾಗಲ್ಲ."

"ನಂಗೆ ಚುಚ್ಚೋಕೆ ಬರಲ್ಲಪ್ಪ. ಎಷ್ಟು ಕೊಡ್ಬೇಕು ಅಂತಾನೂ ಗೊತ್ತಿಲ್ಲ."

"ಇನ್ನೊಂದು ತಿಂಗ್ಳು ಆಂಟಿ. ನನ್ನ ಫೈಲ್ ಕೊನೇ ಹಂತದಲ್ಲಿದೆ. ಒಂದೇ ತಿಂಗ್ಳು."

ಶಾಖ ಹೆಚ್ಚಿಸಿ ನೋಡಿದೆವು. ನಾಲ್ಕು ದಿನ ಕೆಲಸ ಮುಗಿಸಿ ಹೋಗಿ ಅದರ ಬಾಯಿ ಒರೆಸಿ ಬಂದೆ. ಐದನೆಯ ದಿನ ಅದು ಉಸಿರಿಗಾಗಿ ಮೈಯನ್ನು ನೆಟ್ಟಗೆ ಚಾಚಿತ್ತು, ಮಲಗಿದರೆ ಉಸಿರು ಕಟ್ಟುತ್ತದೆ ಎಂಬಂತೆ. ಹಾವಿಗೆ ಕೂಗಲು ಗಂಟಲಿಲ್ಲ. ನಾಯಿಯಾಗಿದ್ದರೆ ಬೀದಿಗೆಲ್ಲ ಕೇಳುತ್ತಿತ್ತು. ಇನ್ನೊಂದು ತಿಂಗಳು ಇದನ್ನು ಹೀಗೇ ಇಡುವುದೋ, ಇಲ್ಲವೇ ಹುಡುಗನನ್ನು ಬಿಟ್ಟುಕೊಡುವುದೋ, ಅಷ್ಟೇ ಉಳಿದಿತ್ತು. ತಿಂಗಳವರೆಗೆ ಅದು ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು, ನವೀನನಿಗೂ ಗೊತ್ತಿತ್ತು. ಆದರೆ ಅದು ಗುಟ್ಟಾಗಿ ಸತ್ತರೆ ಅವನು ಉಳಿಯುತ್ತಿದ್ದ.

"ನಾಳೆ ಹೇಳ್ತೀನಿ ನವೀನ್. ನೀನೇ ಫೋನ್ ಮಾಡು, ಇಲ್ಲದಿದ್ರೆ ನಾನು ಹೇಳ್ತೀನಿ" ಅಂದೆ. ಅವನು ಮುಖ ತಿರುಗಿಸಿಕೊಂಡ.

ಮಾರನೇ ದಿನ ಮಧ್ಯಾಹ್ನದವರೆಗೂ ಅವನು ಫೋನು ಮಾಡಲಿಲ್ಲ. ಹೆಲೆನ್ ಊಟ ಮಾಡುತ್ತಿದ್ದರು. ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಹಾಲು, ದೀಪ, ಶನಿವಾರಗಳು. ನಡುವೆ ಒಮ್ಮೆಯೂ ನಿಲ್ಲಲಿಲ್ಲ, ನಿಂತರೆ ಮತ್ತೆ ಶುರು ಮಾಡಲು ಆಗುವುದಿಲ್ಲ ಎಂಬ ಭಯ. ಅವರು ಬ್ರೆಡ್ಡು ಕೆಳಗಿಟ್ಟರು.

"ಎಷ್ಟು ಕಾಲದಿಂದ ಗೊತ್ತು ನಿನಗೆ?"

"ಯುಗಾದಿಯಿಂದ" ಅಂದೆ. ಆ ಹೆದರಿಕೆಯಲ್ಲಿ ತಿಂಗಳ ಹೆಸರು ನೆನಪಾಗಲಿಲ್ಲ.

ಅವರು ಮತ್ತೇನೂ ಕೇಳದೆ ಫೋನಿನ ಹತ್ತಿರ ಹೋದರು. ಡಯಲ್ ಮಾಡುವ ಮುಂಚೆ ಹೇಳಿದರು: "ಮೊದಲ ದಿನ ಹೇಳಿದ್ದರೆ ಹಾವಿಗೆ ಇದೇ ಗತಿ ಆಗುತ್ತಿತ್ತು ಸರೋ. ಆದರೆ ಈ ಹದಿನೈದು ದಿನದ ನರಳಾಟ ಅದಕ್ಕೆ ಇರುತ್ತಿರಲಿಲ್ಲ."

ಆ ಸಂಜೆಯೇ ಅಧಿಕಾರಿಗಳು ಪೆಟ್ಟಿಗೆಯನ್ನು ನಮ್ಮ ಕ್ಲಿನಿಕ್ಕಿಗೆ ತಂದರು. ಇಬ್ಬರು, ಮೆಲುದನಿಯವರು, ಯಾರನ್ನೂ ಗದರಲಿಲ್ಲ. ಪ್ರಾಣ ತೆಗೆಯುವ ಕೆಲಸ ಹೆಲೆನ್‌ಗೆ ಬಿತ್ತು. ಅವರು ಕೈಗವಸು ಹಾಕಿಕೊಳ್ಳುತ್ತಾ, "ಹಿಡಿಯುವವರು ಯಾರು?" ಎಂದು ಕೇಳಿದರು. ಹುಡುಗಿಯರೆಲ್ಲ ಗೋಡೆಗೆ ಒತ್ತಿಕೊಂಡಿದ್ದರು. ಹಿಡಿಯಬೇಕಾದವಳು ನಾನೇ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಲ್ಲಿಯವರೆಗೆ ನಾನು ಅದನ್ನು ಬಟ್ಟೆಯಿಂದ ಒರೆಸಿದ್ದೆನೇ ಹೊರತು ಬರಿಗೈಯಲ್ಲಿ ಹಿಡಿದಿರಲಿಲ್ಲ. ಹಾವು ಲೋಳೆಯಾಗಿರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಒಣ ಮೈ, ಗೂಡಿನಿಂದ ಆಗಷ್ಟೇ ಬಿಚ್ಚಿದ ರೇಷ್ಮೆಯ ಹಾಗೆ. ನನ್ನ ಕೈ ಬಿಸಿಯಾಗಿತ್ತು, ಅದಕ್ಕೆ ಚಳಿಯಾಗಿತ್ತು. ನಿಧಾನವಾಗಿ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿತು. ಹಿಡಿಯಲಿಕ್ಕಲ್ಲ, ಬಿಸಿಗಾಗಿ. ಹೆಲೆನ್ ಸೂಜಿ ಚುಚ್ಚಿದರು. ನಿನಗೆ ಮುಂದೆ ಇದನ್ನು ಕಲಿಸುತ್ತಾರೆ, ಆದರೂ ಈಗಲೇ ಕೇಳು: ಇವುಗಳ ಪ್ರಾಣ ನಾಯಿ ಬೆಕ್ಕಿನ ಹಾಗೆ ಥಟ್ಟನೆ ಹೋಗುವುದಿಲ್ಲ. ಮೈ ಸಡಿಲಾದ ಮೇಲೂ ಎದೆ ಬಡಿಯುತ್ತಲೇ ಇರುತ್ತದೆ. ಆ ಬಡಿತ ಕೇಳಿಸುವ ಒಂದು ಯಂತ್ರ ಇತ್ತು. ಅದನ್ನು ಒತ್ತಿ ಹಿಡಿದುಕೊಂಡು ನಾವಿಬ್ಬರೂ ನಿಂತೆವು. ಟುಸ್, ಟುಸ್, ಟುಸ್. ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು. ಇನ್ನಿಲ್ಲ ಎಂದುಕೊಂಡರೆ ಮತ್ತೊಂದು. ಕಿಟಕಿಯ ಇಳಿಬಿಸಿಲು ಮೇಜಿನಿಂದ ಗೋಡೆಗೆ ಏರಿತು. ಹೆಲೆನ್ ಒಮ್ಮೆಯೂ ಗಡಿಯಾರ ನೋಡಲಿಲ್ಲ. ನಿನಗೂ ಅಂಥವರೇ ಯಜಮಾನರು ಸಿಗಲಿ.

ಕೆಲಸದಿಂದ ನನ್ನನ್ನು ತೆಗೆಯಲಿಲ್ಲ. ತೆಗೆದಿದ್ದರೆ ಹಗುರವಾಗುತ್ತಿತ್ತೋ ಏನೋ. ನವೀನ್ ಅಧಿಕಾರಿಗಳ ಮುಂದೆ ನನ್ನ ಹೆಸರು ಹೇಳಲಿಲ್ಲ. ನಾನು ಹೆಲೆನ್‌ಗೆ ಹೇಳಿದ್ದನ್ನು ಹೆಲೆನ್ ಅವರಿಗೆ ಹೇಳಿದ್ದರು, ನನಗೆ ಎಚ್ಚರಿಕೆಯ ಕಾಗದ ಬಂತು. ಅವನಿಗೆ ಕೋರ್ಟು, ದಂಡ. ರೆಸಿಡೆನ್ಸಿ ಸಿಗಲಿಲ್ಲ. ಬೇಸಿಗೆ ಬರುವ ಮುಂಚೆ ತಾಯಿ ಮಗ ಇಬ್ಬರೂ ಊರಿಗೆ ಹೊರಟರು.

ಹೊರಡುವ ಹಿಂದಿನ ದಿನ ನಾನು ರೊಟೊಟೂನಕ್ಕೆ ಹೋದೆ. ಸೂಟ್‌ಕೇಸುಗಳೆಲ್ಲ ಹಜಾರಕ್ಕೆ ಬಂದಿದ್ದವು. ನವೀನ್ ಬಾಗಿಲಲ್ಲೇ ತಡೆದು ಪಿಸುಗುಟ್ಟಿದ. "ಆಂಟಿ, ಅಮ್ಮನಿಗೆ ಅದನ್ನ ಆಸ್ಟ್ರೇಲಿಯಾ ಝೂಗೆ ಕಳ್ಸಿದ್ರು ಅಂತ ಹೇಳಿದೀನಿ. ನೀವೂ ಹಂಗೇ ಹೇಳಿ. ಅವ್ರು ತಡ್ಕೊಳ್ಳಲ್ಲ."

ಜಯಮ್ಮ ನನ್ನ ಕೈ ಹಿಡಿದು ಕೂರಿಸಿದರು. ಆಕೆಗೆ ಮಗನ ಮಾತಿನ ಮೇಲೆ ನಂಬಿಕೆ ಬಂದಿರಲಿಲ್ಲ.

"ನೀನು ಅಲ್ಲೇ ಕೆಲ್ಸ ಮಾಡೋಳು. ನೀನೇ ಹೇಳು. ಅದು ಚೆನ್ನಾಗೈತಾ?"

ನವೀನ್ ಆಕೆಯ ಹಿಂದೆ ನಿಂತು ನನಗೆ ಕೈ ಮುಗಿದ. ಟೋಪಿ ಹಿಡಿದು ನಿಂತಿದ್ದ ಮುದುಕರು ನನಗೆ ನೆನಪಾದರು.

"ಇಲ್ಲಮ್ಮ. ಸತ್ತೋಯ್ತು. ನನ್ನ ಕೈಲೇ ಸತ್ತೋಯ್ತು."

"ಯಾಕೆ?"

"ಹಾಲಿಂದ ಒದ್ದೆಯಾಗಿ, ಕರೆಂಟು ಹೋಗಿ, ಚಳಿ ಹಿಡೀತು. ನಂಗೆ ಗೊತ್ತಿತ್ತು. ಎರೆಯೋಕೆ ಮುಂಚೇನೇ ಗೊತ್ತಿತ್ತು. ನಾನು ಹೇಳ್ಲಿಲ್ಲ."

ಆಕೆ ನನ್ನ ಕೈ ಬಿಟ್ಟರು. ಬಹಳ ಹೊತ್ತು ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ಗೊತ್ತಿದ್ದೂ ನನ್ನ ಕೈಲಿ ಎರೆಸ್ದ್ಯಾ?" ಎಂದರು. ಬೈಗುಳವಾಗಿರಲಿಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದರು. ಕುಂಕುಮ ಇಟ್ಟಿರಲ್ಲ ಅಮ್ಮ, ಅದಕ್ಕೇ ಬಾಯಿ ಬರಲಿಲ್ಲ ಎಂದು ಹೇಗೆ ಹೇಳುವುದು? ಅದನ್ನು ಹೇಳಿದರೆ ತಪ್ಪನ್ನು ಆಕೆಯ ಮಡಿಲಿಗೇ ಹಾಕಿದಂತೆ. ಅದೊಂದನ್ನು ಮಾತ್ರ ಹೇಳಲಿಲ್ಲ. ಆ ಮೌನ ಸರಿಯಾಗಿತ್ತು ಎಂದು ಈಗಲೂ ಅಂದುಕೊಂಡಿದ್ದೇನೆ.

ಹೊರಡಲು ಎದ್ದೆ. ಭರಣಿ ಪಕ್ಕದ ಮೇಜಿನ ಮೇಲೇ ಇತ್ತು, ಇನ್ನೂ ಸೂಟ್‌ಕೇಸಿಗೆ ಹೋಗಿರಲಿಲ್ಲ. ನಾನು ಒಂದು ಗಳಿಗೆ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬೇಕೆಂದೇ ನಿಂತೆ. ಜಯಮ್ಮ ಭರಣಿ ನೋಡಿದರು, ನನ್ನನ್ನು ನೋಡಿದರು, ಎದ್ದು ಒಳಗೆ ಹೋದರು.

ಆ ದಿನ ಬಸ್‌ಸ್ಟಾಪಿನಲ್ಲಿ ಅಳಿಸಲು ಏನೂ ಇರಲಿಲ್ಲ. ಆದರೂ ಅಭ್ಯಾಸದಿಂದ ಕೈ ಹಣೆಗೆ ಹೋಯಿತು.

ಆಮೇಲೆ ಹತ್ತು ವರ್ಷಕ್ಕೂ ಮೇಲೆ ಆ ಬಿಸಿ ಕೋಣೆಯಲ್ಲಿ ಕೆಲಸ ಮಾಡಿದೆ. ಸಂಜೆ ಬಾಗಿಲು ಹಾಕುವ ಮುಂಚೆ ಪ್ರತಿ ಪೆಟ್ಟಿಗೆಯ ಮುಂದೆ ನಿಂತು, ಒಂದೊಂದು ಕೆಂಪು ದೀಪವನ್ನೂ ಬೆರಳು ತೋರಿಸಿ, ಬಾಯಿ ಬಿಟ್ಟು ಜೋರಾಗಿ "ಇದೆ" ಎನ್ನುತ್ತಿದ್ದೆ. ಹೊಸ ಹುಡುಗಿಯರು ಮೊದಮೊದಲು ನಗುತ್ತಿದ್ದರು. ನಾನು ನಿವೃತ್ತಳಾದ ಮೇಲೂ ಅವರು ಹಾಗೇ ಮಾಡುತ್ತಾರಂತೆ. ಅರ್ಥ ಗೊತ್ತಿಲ್ಲದಿದ್ದರೂ ಕನ್ನಡದಲ್ಲೇ ಹೇಳುತ್ತಾರಂತೆ.